ಫೋನಲ್ಲಿ ಕಾಣೋ ಬಿಸಿಲು ಯಾವ ಊರಿನದು?

ಸೆಮಿಸ್ಟರ್ ರಜೆ ಬಂತೆಂದರೆ ನಮ್ಮ ಹಾಸ್ಟೆಲ್ ವಾಟ್ಸಾಪ್ ಗುಂಪುಗಳಲ್ಲಿ ಚಾರಣದ ಪ್ಲಾನ್ ಶುರು. ಜೊತೆಗೇ ಯಾರಾದ್ರೂ ಒಬ್ರು ಹವಾಮಾನ ಆ್ಯಪಿನ ಸ್ಕ್ರೀನ್‌ಶಾಟ್ ಹಾಕ್ತಾರೆ: ಐದು ದಿನಕ್ಕೂ ಹಳದಿ ಸೂರ್ಯ. "ಮಳೆ ಇಲ್ಲ ಮಗಾ, ಹೊರಡೋಣ." ಆ ಸೂರ್ಯ ಯಾವ ಜಾಗದ್ದು ಅಂತ ಯಾರೂ ಕೇಳಲ್ಲ.

ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಅಮೆರಿಕದ ಜಿಎಫ್‌ಎಸ್ ಮಾದರಿಯ ಚೌಕ ಸುಮಾರು 13 ಕಿ.ಮೀ. ಅಗಲ, ನಮ್ಮ ಹವಾಮಾನ ಇಲಾಖೆ 2025ರಲ್ಲಿ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂದು 6 ಕಿ.ಮೀ. ಇಡೀ ಚೌಕಕ್ಕೆ ಒಂದೇ ಸರಾಸರಿ ಎತ್ತರ. ಬಯಲುಸೀಮೆಗೆ ಇದು ಸಾಕು. ಆದರೆ ಕುಕ್ಕೆ ಸುಬ್ರಹ್ಮಣ್ಯದಿಂದ 1712 ಮೀ. ಎತ್ತರದ ಕುಮಾರಪರ್ವತದ ತುದಿಯವರೆಗಿನ ಕಾಡು, ಕಣಿವೆ, ಕಡಿದಾದ ಏರು ಎಲ್ಲವೂ ಮಾದರಿಯ ಕಣ್ಣಿಗೆ ಒಂದೋ ಎರಡೋ ಚೌಕ, ಅಷ್ಟೇ. ಬೆಟ್ಟದ ಗಾಳಿ ಎದುರಿಸುವ ಮಗ್ಗುಲಲ್ಲಿ ಧೋ ಅಂತ ಸುರಿದು, ಆಚೆ ಮಗ್ಗುಲಲ್ಲಿ ಒಣಗಿರುವುದೂ ಅದರಲ್ಲಿ ಸರಿಯಾಗಿ ಮೂಡೋದಿಲ್ಲ.

ಹಿಮಾಲಯದಲ್ಲಿ ಇದರ ಬೆಲೆ ದೊಡ್ಡದು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ 22 ಜನರ ತಂಡವೊಂದು ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರೇ. ಅಲ್ಲಿನ ಎತ್ತರಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಉತ್ತರಕಾಶಿ ಪಟ್ಟಣ ಸುಮಾರು 1150 ಮೀ. ಎತ್ತರದಲ್ಲಿದೆ; ಸಹಸ್ರತಾಲ್ 4400 ಮೀಟರ್‌ಗೂ ಮೇಲೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ತಾಪ ಇಳಿಯುತ್ತೆ. ಅಂದರೆ ಪಟ್ಟಣದಲ್ಲಿ 25 ಡಿಗ್ರಿ ಇದ್ದಾಗ ಮೇಲೆ ಹೆಚ್ಚುಕಡಿಮೆ 4. ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಮೈಗೆ ಅದು ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 3 ಅನ್ನಿಸುತ್ತೆ. ಬಟ್ಟೆ ಒದ್ದೆಯಾದರಂತೂ ಕೇಳೋದೇ ಬೇಡ. ಇಷ್ಟಕ್ಕೂ ಇದು ಸಾಧಾರಣ ದಿನದ ಲೆಕ್ಕ, ಬಿರುಗಾಳಿಯದ್ದಲ್ಲ.

"40 ಪರ್ಸೆಂಟ್ ಮಳೆ" ಅನ್ನೋದನ್ನೂ ನಾವು ತಪ್ಪಾಗಿ ಓದ್ತೀವಿ. ಅದು ಮಳೆ ಬರುವ ಸಂಭವ. ಮಳೆಯ ಜೋರಿಗೂ ಅದಕ್ಕೂ ಸಂಬಂಧ ಇಲ್ಲ. ಬೆಳಗ್ಗೆ ಬಿಸಿಲಿಗೆ ಕಾದ ಇಳಿಜಾರಿನಿಂದ ಗಾಳಿ ಮೇಲೇರಿ ಮಧ್ಯಾಹ್ನಕ್ಕೆ ಗುಡುಗುಮೋಡ ಕಟ್ಟೋದು ಬೆಟ್ಟಗಳಲ್ಲಿ ಮಾಮೂಲು. ಗೈಡುಗಳು ನಸುಕಿಗೇ ಎಬ್ಬಿಸೋದು ಫೋಟೋಗೆ ಮಾತ್ರ ಅಲ್ಲ!

ಇನ್ನೊಂದು ತೊಡಕು, ಮುನ್ಸೂಚನೆ ಹಳಸುತ್ತೆ. ಜಿಎಫ್‌ಎಸ್ ಆರು ಗಂಟೆಗೊಮ್ಮೆ ಹೊಸದಾಗಿ ಲೆಕ್ಕ ಹಾಕುತ್ತೆ, ಆದರೆ ನಮ್ಮ ಕೈಲಿರೋದು ನೆಟ್‌ವರ್ಕ್ ಇದ್ದ ಕೊನೇ ಹಳ್ಳಿಯಲ್ಲಿ ನೋಡಿದ್ದು. ಆರಂಭದ ಅಳತೆಯ ಸಣ್ಣ ದೋಷ ದಿನದಿಂದ ದಿನಕ್ಕೆ ದೊಡ್ಡದಾಗುತ್ತೆ. ನಾಲ್ಕನೇ ದಿನ ಪಾಸ್ ದಾಟುವಾಗ ಆ ಸ್ಕ್ರೀನ್‌ಶಾಟ್ ನಂಬೋದು ಕಷ್ಟ. ಮಿಂಚಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪಿಗೂ ನೆಟ್‌ವರ್ಕ್ ಬೇಕೇ ಬೇಕು.

ನೆಟ್‌ವರ್ಕ್ ಬೇಡದ ಒಂದು ಉಪಕರಣ ಕೆಲವರ ಕೈಗಡಿಯಾರದಲ್ಲೇ ಇದೆ: ಬ್ಯಾರೋಮೀಟರ್. ಅದು ವಾಯುಭಾರ ಅಳೆದು ಎತ್ತರ ಹೇಳುತ್ತೆ. ರಾತ್ರಿ ಮಲಗುವ ಮುಂಚೆ ಕ್ಯಾಂಪಿನ ಎತ್ತರ ಬರೆದಿಡಿ. ಜಿಪಿಎಸ್ ನೋಡಿ ತಾನೇ ಸರಿಪಡಿಸಿಕೊಳ್ಳೋ ಆಯ್ಕೆ ಇದ್ದರೆ ಆಫ್ ಮಾಡಿ. ಟೆಂಟ್ ಅಲ್ಲೇ ಇದ್ದೂ ಬೆಳಗ್ಗೆ ಗಡಿಯಾರ ನಿಮ್ಮನ್ನು 50 ಮೀ. ಮೇಲೇರಿಸಿದ್ದರೆ, 4000 ಮೀಟರ್ ಎತ್ತರದಲ್ಲಿ ಅದರರ್ಥ ವಾಯುಭಾರ ಸುಮಾರು 4 ಹೆಕ್ಟೋಪಾಸ್ಕಲ್ ಕುಸಿದಿದೆ ಅಂತ. ಟೀ ಕುಡಿಯೋ ಮೊದಲು ಗೈಡನ್ನು ಕರೆದು, ಇವತ್ತು ಹೊರಡೋದಾ ಇಲ್ಲೇ ಉಳಿಯೋದಾ ಅಂತ ಕೇಳಿ.