ಗೋಚರ ಬೆಳಕಿನ ಮೂಲಕ ನಿಸ್ತಂತು ಸಂವಹನ

ಬೆಳಕನ್ನು ಸಂದೇಶವಾಹಕವಾಗಿ ಬಳಸುವ ಯತ್ನ ಹೊಸದೇನಲ್ಲ. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೇಂಟರ್ ಅವರು ವಾಷಿಂಗ್ಟನ್ ನಗರದಲ್ಲಿ ಸೂರ್ಯನ ಬೆಳಕಿನ ನೆರವಿನಿಂದ ಮಾತನ್ನು ಸುಮಾರು 213 ಮೀಟರ್ ದೂರಕ್ಕೆ ಕಳುಹಿಸಿದರು. ‘ಫೋಟೋಫೋನ್’ ಎಂಬ ಆ ಸಾಧನದಲ್ಲಿ ಧ್ವನಿಯ ಕಂಪನಕ್ಕೆ ತಕ್ಕಂತೆ ಬೆಳಕು ಏರಿಳಿಯುತ್ತಿತ್ತು. ಸೆಲೆನಿಯಮ್ ಕೋಶವು ಆ ಏರಿಳಿತವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಆದರೆ ಮೋಡ ಕವಿದರೆ ಮಾತು ನಿಲ್ಲುತ್ತಿತ್ತು. ಇಚ್ಛೆಗೆ ತಕ್ಕಂತೆ ಅತಿವೇಗದಲ್ಲಿ ಏರಿಳಿಸಬಲ್ಲ ಬೆಳಕಿನ ಆಕರವೊಂದು ಅಗತ್ಯವಾಗಿತ್ತು.

ಆ ಕೊರತೆಯನ್ನು ನೀಗಿಸಿದ್ದು ಎಲ್‌ಇಡಿ. ತಂತಿ ಕಾದು ಬೆಳಗುವ ಹಳೆಯ ಬಲ್ಬು ವಿದ್ಯುತ್ ಕಡಿದ ಕೂಡಲೇ ಆರದು. ಅರೆವಾಹಕದಿಂದಾದ ಎಲ್‌ಇಡಿಯಾದರೋ ಸೆಕೆಂಡಿಗೆ ಲಕ್ಷಾಂತರ ಬಾರಿ ಹೊತ್ತಿ ಆರಬಲ್ಲದು. 1990ರ ದಶಕದಲ್ಲಿ ಜಪಾನಿನಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧಿಸಿದ ತರುವಾಯ ಬಿಳಿಯ ದೀಪಗಳು ಬಂದವು. ಒಂದೇ ದೀಪ ಕೋಣೆಯನ್ನು ಬೆಳಗುತ್ತ ದತ್ತಾಂಶವನ್ನೂ ಸಾಗಿಸಬಹುದೆಂಬ ವಿಚಾರವನ್ನು ಕೇಯೋ ವಿಶ್ವವಿದ್ಯಾನಿಲಯದ ಮಸಾವೊ ನಕಗಾವಾ ಮತ್ತು ಅವರ ಸಹೋದ್ಯೋಗಿಗಳು ಈ ಶತಮಾನದ ಆರಂಭದಲ್ಲಿ ಬೆಳೆಸಿದರು. 2011ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಹರಾಲ್ಡ್ ಹಾಸ್ ಅವರು ಬಳಕೆಗೆ ತಂದ ‘ಲೈ-ಫೈ’ ಎಂಬ ಹೆಸರು ಜನಪ್ರಿಯವಾಯಿತು.

ಇದರ ತತ್ತ್ವ ಸರಳ. ದೀಪ ಹೊತ್ತಿದರೆ ಒಂದು, ಆರಿದರೆ ಸೊನ್ನೆ. ಈ ಮಿಣುಕು ಕಣ್ಣಿಗೆ ಗೋಚರಿಸದಷ್ಟು ತ್ವರಿತವಾದುದು. ಫೋಟೋಡಯೋಡ್ ಮಾತ್ರ ಅದನ್ನು ಗ್ರಹಿಸುತ್ತದೆ. ತೊಡಕುಗಳೂ ಇವೆ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕಿನ ಒಂದಂಶವನ್ನು ಹಳದಿಯಾಗಿಸುವ ರಂಜಕ ಲೇಪನವಿರುತ್ತದೆ. ಈ ಲೇಪನದ ಹೊಳಪು ನಿಧಾನವಾಗಿ ಆರುವುದರಿಂದ ಸಂಕೇತಗಳು ಒಂದರೊಳಗೊಂದು ಬೆರೆಯುತ್ತವೆ. ಗ್ರಾಹಕದಲ್ಲಿ ನೀಲಿಯನ್ನಷ್ಟೇ ಬಿಡುವ ಶೋಧಕವನ್ನಿಟ್ಟು ವೇಗವನ್ನು ಹೆಚ್ಚಿಸಬಹುದು. ಆದರೆ ಸಂಕೇತದ ಬಲ ಕುಗ್ಗುತ್ತದೆ. ಬಿಸಿಲು ಗದ್ದಲವನ್ನು ಕೂಡಿಸುತ್ತದೆ. ಕೈಯಲ್ಲಿರುವ ಸಾಧನ ಮರಳಿ ಉತ್ತರಿಸಲು ಕಣ್ಣು ಕುಕ್ಕುವ ದೀಪವನ್ನು ಬೆಳಗಲಾಗದು. ಆದುದರಿಂದ ಅಲ್ಲಿ ಅವಗೆಂಪು ಕಿರಣಗಳನ್ನು ಅವಲಂಬಿಸುವುದುಂಟು.

ಎಲ್ಲಕ್ಕಿಂತ ಮುಖ್ಯವಾಗಿ, ಬೆಳಕು ಗೋಡೆಯನ್ನು ದಾಟದು. ಇದು ಮಿತಿಯೂ ಹೌದು, ಬಲವೂ ಹೌದು. ಕೋಣೆಯ ಮಾತು ಕೋಣೆಯಲ್ಲೇ ಉಳಿಯುವುದರಿಂದ ಹೊರಗಿನವರು ಕದ್ದಾಲಿಸುವುದು ಕಷ್ಟ. ಪಕ್ಕದ ಕೋಣೆಯಲ್ಲಿ ಅದೇ ಬೆಳಕಿನಿಂದ ಬೇರೆ ದತ್ತಾಂಶವನ್ನು ಕಳುಹಿಸಬಹುದು. ಜನದಟ್ಟಣೆಯಲ್ಲಿ ಇಕ್ಕಟ್ಟಾಗುವ ರೇಡಿಯೋ ತರಂಗಗಳ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.

2023ರಲ್ಲಿ ವೈ-ಫೈ ಮಾನಕಗಳ ಸಾಲಿಗೆ ಸೇರಿದ ಬೆಳಕಿನ ಸಂವಹನದ ಮಾನಕ, 802.11ಬಿಬಿ, ಆಯ್ದುಕೊಂಡದ್ದು ಗೋಚರ ಬೆಳಕನ್ನಲ್ಲ, ಅವಗೆಂಪನ್ನು. ದೀಪವು ಸಂದೇಶ ಸಾಗಿಸಬಲ್ಲುದೆಂಬುದು ಸಿದ್ಧವಾಗಿದೆ. ಆದರೆ ಬೆಳಗುವ ಕಾರ್ಯವನ್ನೂ ಸಂವಹನವನ್ನೂ ಒಂದೇ ದೀಪಕ್ಕೆ ವಹಿಸುವುದು ಎಲ್ಲೆಡೆಯೂ ಲಾಭದಾಯಕವಲ್ಲ ಎಂಬುದನ್ನು ಈ ಆಯ್ಕೆ ಸೂಚಿಸುತ್ತದೆ. ಬೆಳಕನ್ನು ರೇಡಿಯೋಗೆ ಪ್ರತಿಸ್ಪರ್ಧಿಯೆಂದು ಭಾವಿಸದೆ, ಗೋಡೆಗಳೊಳಗಿನ ಸಹಾಯಕನೆಂದು ಪರಿಗಣಿಸುವುದು ಯುಕ್ತ.