‘ಹೋಗ್ಲಿ ಬಿಡು’ ಅನ್ನುವಷ್ಟೇ ಮೊತ್ತ

ಬುಕ್‌ಮೈಶೋ ಆ್ಯಪ್‌ನಲ್ಲಿ ಸಿನಿಮಾ ಟಿಕೆಟ್ ಕೊಂಡವರ ಬಿಲ್ಲಿನಲ್ಲಿ ಹಿಂದೆ ಒಂದು ಪುಟ್ಟ ಸಾಲು ಇರುತ್ತಿತ್ತು. ಟಿಕೆಟ್ಟಿಗೆ 1 ರೂಪಾಯಿಯಂತೆ ‘ಬುಕ್ ಎ ಸ್ಮೈಲ್’ ಎಂಬ ಸೇವಾಕಾರ್ಯಕ್ಕೆ ದೇಣಿಗೆ. ಕೊಡುತ್ತೀರಾ ಎಂದು ಯಾರೂ ಕೇಳಿರಲಿಲ್ಲ, ಮೊತ್ತ ತಾನಾಗಿಯೇ ಸೇರಿಕೊಂಡಿರುತ್ತಿತ್ತು. ಬೇಡವೆನ್ನುವವರು ಅದನ್ನು ಹುಡುಕಿ ತೆಗೆಯಬೇಕಿತ್ತು. ಶುಕ್ರವಾರದ ಮೊದಲ ಆಟಕ್ಕೆ ಸೀಟು ಹಿಡಿಯುವ ಅವಸರದಲ್ಲಿರುವವರು ಒಂದು ರೂಪಾಯಿಯ ಬೆನ್ನು ಹತ್ತುವುದುಂಟೆ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಕರಾರು ತೆಗೆದ ಮೇಲೆ ವ್ಯವಸ್ಥೆ ತಿರುಗುಮುರುಗಾಯಿತು. ಕೊಡುವ ಮನಸ್ಸಿದ್ದವರು ಈಗ ತಾವೇ ಆರಿಸಿಕೊಳ್ಳಬೇಕು.

ದೇಣಿಗೆ ಒಳ್ಳೆಯದೇ, ಕೇಳಿ ಪಡೆದಿದ್ದರೆ.

ಮೊಬೈಲಿನ ಮೂಲಕ ನಡೆಯುವ ವ್ಯಾಪಾರದಲ್ಲಿ ಜನರ ಬೇಸರಕ್ಕೆ ಕಾರಣವಾಗುವ ಹೆಚ್ಚಿನ ಸಂಗತಿಗಳು ಇದೇ ಗಾತ್ರದವು. ಪೊಲೀಸರವರೆಗೆ ಹೋಗುವ ಮೋಸ ಅವುಗಳಲ್ಲಿಲ್ಲ, ಆದರೂ ಮನಸ್ಸಿಗೆ ಚುಚ್ಚುತ್ತವೆ. ಬೆಂಗಳೂರಿನ ಸ್ವಿಗ್ಗಿ ಕಂಪನಿ 2023ರ ಏಪ್ರಿಲ್‌ನಲ್ಲಿ ಪ್ರತಿ ಆರ್ಡರಿಗೆ 2 ರೂಪಾಯಿ ‘ಪ್ಲಾಟ್‌ಫಾರ್ಮ್ ಫೀ’ ಶುರುಮಾಡಿತು, ಆಗಸ್ಟ್‌ನಲ್ಲಿ ಜೊಮ್ಯಾಟೊ ಹಿಂಬಾಲಿಸಿತು. ಎರಡೇ ರೂಪಾಯಿ ಎಂದು ಎಲ್ಲರೂ ಸುಮ್ಮನಾದರು. ಅದೇ ಶುಲ್ಕ 2025ರ ಹೊತ್ತಿಗೆ ಎರಡೂ ಕಡೆ ಹತ್ತು ರೂಪಾಯಿ ದಾಟಿತ್ತು. ಶುಲ್ಕವನ್ನು ಬಿಲ್ಲಿನಲ್ಲಿ ಬರೆದೇ ವಸೂಲು ಮಾಡುತ್ತಾರೆ, ಆದ್ದರಿಂದ ಸುಳ್ಳೆನ್ನಲಾಗದು. ಆದರೆ ಅದು ಕಣ್ಣಿಗೆ ಬೀಳುವುದು ಮಸಾಲೆದೋಸೆ ಆರಿಸಿ, ವಿಳಾಸ ಒತ್ತಿ, ಹಸಿವು ನೆತ್ತಿಗೇರಿದ ಮೇಲೆ. ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಐದು ನಿಮಿಷ ಚೌಕಾಸಿ ಮಾಡುವವರೂ ಇಲ್ಲಿ ‘ಹೋಗ್ಲಿ ಬಿಡು’ ಎಂದು ಬಟನ್ ಒತ್ತುತ್ತಾರೆ. ಚೌಕಾಸಿ ಮಾಡೋಣವೆಂದರೆ ಎದುರಿಗೆ ಮುಖವೇ ಇಲ್ಲ.

ಈ ಬಗೆಯ ಜಾಣತನಕ್ಕೆ ‘ಡಾರ್ಕ್ ಪ್ಯಾಟರ್ನ್’ ಎಂದು 2010ರಲ್ಲಿ ಹೆಸರಿಟ್ಟವರು ಬ್ರಿಟನ್ನಿನ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್. ತೆರೆಯ ಮೇಲಿನ ಬಟನ್, ಬಣ್ಣ, ಅಕ್ಷರದ ಗಾತ್ರ, ಮಾತಿನ ಧಾಟಿ ಎಲ್ಲವನ್ನೂ ಬಳಸಿ ಗ್ರಾಹಕ ತಾನು ಬಯಸದ್ದನ್ನು ಮಾಡುವಂತೆ ಮಾಡುವುದು ಇದರ ತಿರುಳು. ಭಾರತದಲ್ಲಿ 2023ರ ನವೆಂಬರ್ 30ರಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನು ಗುರುತಿಸಿ ನಿಷೇಧಿಸಿತು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ‘ಎರಡೇ ಕೊಠಡಿ ಉಳಿದಿವೆ’ ಎಂದು ಇಲ್ಲದ ಅವಸರ ಹುಟ್ಟಿಸುವುದು, ಬೆಲೆಯನ್ನು ಒಂದೇ ಸಲ ಹೇಳದೆ ಹನಿಹನಿಯಾಗಿ ಏರಿಸುವುದು, ಜಾಹೀರಾತನ್ನು ಸುದ್ದಿಯ ವೇಷದಲ್ಲಿ ತೋರಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಗ್ರಾಹಕನ ಒಪ್ಪಿಗೆ ಎಂದು ಎಣಿಸುವಂತಿಲ್ಲವೆಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳಿದ್ದವು. ಅಷ್ಟಾದರೂ ಚಾಳಿ ಹೋಗಲಿಲ್ಲ. ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆ ಆಸ್ಕಿ 2024ರಲ್ಲಿ ದೇಶದ 53 ಪ್ರಮುಖ ಆ್ಯಪ್‌ಗಳನ್ನು ಪರೀಕ್ಷಿಸಿದಾಗ 52ರಲ್ಲಿ ಇಂಥದ್ದೊಂದಾದರೂ ಸಿಕ್ಕಿತು.

ಪಟ್ಟಿಯಲ್ಲಿ ಎಲ್ಲಕ್ಕಿಂತ ತಮಾಷೆಯ ಬಗೆ ಎಂದರೆ ‘ಬೇಡ’ ಎನ್ನುವವರನ್ನು ನಾಚಿಸುವುದು. ವಿಮಾನ ಟಿಕೆಟ್ ಜೊತೆ ವಿಮೆ ಬೇಡವೆಂದರೆ ‘ಇಲ್ಲ, ನಾನು ಅಪಾಯ ಮೈಮೇಲೆ ಎಳೆದುಕೊಳ್ಳುತ್ತೇನೆ’ ಎಂಬ ಬಟನ್ ಒತ್ತಬೇಕು. ರಿಯಾಯಿತಿ ಯೋಜನೆ ಬೇಡವೆಂದರೆ ‘ನನಗೆ ಹಣ ಉಳಿಸುವ ಆಸೆಯಿಲ್ಲ’ ಎಂದು ಒಪ್ಪಿಕೊಳ್ಳಬೇಕು. ಅಂಗಡಿಯವರು ಎದುರಿಗೆ ನಿಂತು ಹೀಗೆ ಅಂದಿದ್ದರೆ ಗಿರಾಕಿ ಇನ್ನೊಮ್ಮೆ ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಅಂಗಡಿಗಳೂ ಹಿಂದೆ ಬಿದ್ದಿಲ್ಲ ಅನ್ನಿ. ಒಂದು ಜೊತೆ ಚಪ್ಪಲಿ ಕೊಂಡರೂ ಬಿಲ್ ಮಾಡುವವರು ಮೊದಲು ಕೇಳುವುದು ಮೊಬೈಲ್ ನಂಬರ್. ಕೊಡದಿದ್ದರೆ ಬಿಲ್ಲೇ ಆಗುವುದಿಲ್ಲ ಎನ್ನುವಷ್ಟು ದೂರ ಹೋದಾಗ, 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ನಂಬರಿಗಾಗಿ ಒತ್ತಾಯಿಸಬೇಡಿ’ ಎಂದು ಚಿಲ್ಲರೆ ವ್ಯಾಪಾರಿಗಳಿಗೆ ಸೂಚನೆ ಕೊಡಬೇಕಾಯಿತು.

ಬೆಂಗಳೂರಿನ ಆಟೊ ಕಥೆ ಸ್ವಲ್ಪ ಬೇರೆ, ಅಷ್ಟು ಸುಲಭವಾಗಿ ತೀರ್ಪು ಕೊಡುವಂಥದ್ದೂ ಅಲ್ಲ. ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂಬ ಮಾತು ಕೇಳದವರು ಈ ಊರಿನಲ್ಲಿಲ್ಲ. ಆ ರಗಳೆಯಿಂದ ಪಾರಾಗಲೆಂದೇ ಜನ ಆ್ಯಪ್‌ಗಳತ್ತ ಹೊರಳಿದರು. ಕೆಲವು ವರ್ಷ ಕಳೆದವು, ಅದೇ ಮಾತು ಆ್ಯಪ್ ಒಳಗೆ ಬಟನ್ ಆಗಿ ಬಂತು. ಆಟೊ ಹುಡುಕುವ ಮೊದಲೇ ಟಿಪ್ ಸೇರಿಸಿ, ಬೇಗ ಸಿಗುವ ಸಾಧ್ಯತೆ ಹೆಚ್ಚು ಎಂಬ ಸಲಹೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರೂ ಧಾರವಾಡದ ಸಂಸದರೂ ಆದ ಪ್ರಲ್ಹಾದ ಜೋಶಿ ಇದನ್ನು ಅನೈತಿಕ ಎಂದು ಕರೆದರು. ಟಿಪ್ ಎಂಬುದು ಸೇವೆ ಮುಗಿದ ಮೇಲೆ ಮೆಚ್ಚುಗೆಗೆ ಕೊಡುವಂಥದ್ದು, ಮೊದಲೇ ವಸೂಲು ಮಾಡುವಂಥದ್ದಲ್ಲ ಎಂಬುದು ಅವರ ವಾದ. ಪ್ರಾಧಿಕಾರದಿಂದ ಊಬರ್‌ಗೆ ನೋಟಿಸ್ ಹೋಯಿತು.

ಆದರೆ ಇಂಥ ಟಿಪ್ ಸೌಲಭ್ಯ ಊಬರ್ ಒಂದರಲ್ಲೇ ಇದ್ದದ್ದಲ್ಲ. ರಾಪಿಡೊದಲ್ಲೂ, 2022ರಲ್ಲಿ ಚಾಲಕರ ಸಂಘದ ಬೆಂಬಲದೊಂದಿಗೆ ಕಮಿಷನ್ ಇಲ್ಲದ ಸೇವೆಯಾಗಿ ಬಂದ ನಮ್ಮ ಯಾತ್ರಿಯಲ್ಲೂ ಇತ್ತು. ಚಾಲಕರ ಕಡೆಯಿಂದ ನೋಡಿದರೆ ಅವರಿಗೂ ಹೇಳುವುದಿದೆ. 2021ರ ಕೊನೆಯಲ್ಲಿ ನಿಗದಿಯಾದ ಕನಿಷ್ಠ ದರ 30 ರೂಪಾಯಿ 36 ಆದದ್ದು 2025ರ ಆಗಸ್ಟ್‌ನಲ್ಲಿ. ನಡುವಿನ ವರ್ಷಗಳಲ್ಲಿ ಗ್ಯಾಸಿನ ಬೆಲೆ, ಮನೆ ಬಾಡಿಗೆ, ಮಕ್ಕಳ ಫೀಸು ಯಾವುದೂ ಕಾಯಲಿಲ್ಲ. ಚಾಲಕರು ಹೆಚ್ಚಿಗೆ ಕೇಳುವುದಕ್ಕೆ ಕಾರಣವಿರಬಹುದು. ಆದರೆ ಸರ್ಕಾರ ಗೊತ್ತುಮಾಡಿದ ದರದ ಮೇಲೆ ಇನ್ನಷ್ಟು ಸುರಿಯಿರಿ ಎಂದು ಪ್ರಯಾಣಿಕರನ್ನು ಹುರಿದುಂಬಿಸುವ ಕೆಲಸವನ್ನು ಆ್ಯಪ್ ವಹಿಸಿಕೊಂಡಾಗ, ಮಳೆಯಲ್ಲಿ ನಿಂತು ಟಿಪ್ ಹಾಕದವರ ಪಾಲಿಗೆ ಆಟೊ ಇಲ್ಲವೇ ಇಲ್ಲ.

ಸೇರುವುದು ಸುಲಭ, ಬಿಡುವುದು ಕಷ್ಟ ಎಂಬ ದೂರಿಗೆ ದೊಡ್ಡ ಉದಾಹರಣೆ ಅಮೆರಿಕದ್ದು. ಅಮೆಜಾನ್ ಪ್ರೈಮ್ ಸದಸ್ಯತ್ವ ರದ್ದುಮಾಡುವ ದಾರಿ ಎಷ್ಟು ಉದ್ದವಾಗಿತ್ತೆಂದರೆ, ಕಂಪನಿಯೊಳಗೇ ಅದಕ್ಕೆ ಟ್ರಾಯ್ ಯುದ್ಧದ ಮಹಾಕಾವ್ಯ ‘ಇಲಿಯಡ್’ನ ಹೆಸರಿಟ್ಟಿದ್ದರೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹೂಡಿದ ದಾವೆಯಲ್ಲಿ ಹೇಳಿತು. ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ ದಾಟಿದರೆ ಬಿಡುಗಡೆ. 2025ರ ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ವಿಚಾರಣೆ ಆರಂಭವಾದ ಕೆಲವೇ ದಿನಗಳಲ್ಲಿ ಕಂಪನಿ ರಾಜಿಗೆ ಬಂತು. ತಪ್ಪು ಒಪ್ಪಿಕೊಳ್ಳದಿದ್ದರೂ 250 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳುವ ಹಣ, ಉಳಿದದ್ದು ದಂಡ.

ಇಲ್ಲಿ ಅದೇ ಆಟ ನಡೆಯುವುದು ‘ಆಟೊಪೇ’ ಮೂಲಕ. ಒಂದು ರೂಪಾಯಿಗೆ ವಾರವಿಡೀ ಧಾರಾವಾಹಿ ನೋಡಿ ಎಂಬ ಜಾಹೀರಾತು ಒತ್ತಿ, ಯುಪಿಐ ಪಿನ್ ಹಾಕಿದರೆ ಹೋಗುವುದು ಒಂದೇ ರೂಪಾಯಿ. ಮುಂದಿನ ತಿಂಗಳುಗಳಿಗೂ ಅನುಮತಿ ಕೊಟ್ಟಾಯಿತು ಎಂಬುದು ಎಷ್ಟೋ ಜನರಿಗೆ ತಿಳಿಯುವುದು ಖಾತೆಯಿಂದ ಇನ್ನೂರೋ ಮುನ್ನೂರೋ ಹೋದ ಮೇಲೆ. ರಿಸರ್ವ್ ಬ್ಯಾಂಕಿನ ನಿಯಮಗಳು ಈ ವಿಷಯದಲ್ಲಿ ತಕ್ಕಮಟ್ಟಿಗೆ ಗ್ರಾಹಕರ ಪರವಾಗಿವೆ. 2021ರ ಅಕ್ಟೋಬರ್ 1ರಿಂದ ಪ್ರತಿ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು, ಬೇಡವೆಂದರೆ ನಿಲ್ಲಿಸಲು ಅವಕಾಶವಿರಬೇಕು. ಆದರೆ ಹೆಚ್ಚುವರಿ ದೃಢೀಕರಣವಿಲ್ಲದೆ ಕಡಿತವಾಗಬಹುದಾದ ಮಿತಿ 2022ರಲ್ಲಿ 5,000ದಿಂದ 15,000 ರೂಪಾಯಿಗೆ ಏರಿತು. ವಿದ್ಯುತ್ ಬಿಲ್ ಕಟ್ಟುವವರಿಗೆ ಅದು ಅನುಕೂಲ, ಇಂಥ ಆ್ಯಪ್‌ಗಳಿಗೂ ಅನುಕೂಲ. ಇನ್ನು ಬರುವ ಸೂಚನೆಯೋ, ದಿನವಿಡೀ ಸುರಿಯುವ ಲೋನ್ ಆಫರ್, ಲಾಟರಿ ಮೆಸೇಜುಗಳ ನಡುವೆ ಒಂದು ಸಾಲು. ಆ್ಯಪ್ ಅಳಿಸಿಬಿಟ್ಟರೆ ಕಥೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಅಳಿಸಿದರೆ ಅನುಮತಿ ರದ್ದಾಗದು. ಫೋನ್‌ಪೇ, ಗೂಗಲ್ ಪೇ ಮೊದಲಾದ ಯಾವ ಆ್ಯಪ್‌ನಿಂದ ಪಿನ್ ಹಾಕಿದ್ದರೋ ಅದರ ‘ಆಟೊಪೇ’ ವಿಭಾಗಕ್ಕೆ ಹೋಗಿ ಚಾಲ್ತಿಯಲ್ಲಿರುವ ಅನುಮತಿಯನ್ನು ರದ್ದು ಮಾಡಬೇಕು.

ಕಂಪನಿಗಳು ತಾವಾಗಿ ತಿದ್ದಿಕೊಳ್ಳಲಿ ಎಂಬ ಆಸೆ ಸರ್ಕಾರಕ್ಕೂ ಇದೆ. 2025ರ ಜೂನ್‌ನಲ್ಲಿ ಪ್ರಾಧಿಕಾರ ಎಲ್ಲ ಇ-ಕಾಮರ್ಸ್ ಸಂಸ್ಥೆಗಳಿಗೂ ಮೂರು ತಿಂಗಳೊಳಗೆ ನಿಮ್ಮ ಆ್ಯಪ್‌ಗಳನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎಂದಿತು. ನವೆಂಬರ್ ಹೊತ್ತಿಗೆ 26 ದೊಡ್ಡ ಸಂಸ್ಥೆಗಳು ತಮ್ಮಲ್ಲಿ ಡಾರ್ಕ್ ಪ್ಯಾಟರ್ನ್ ಇಲ್ಲವೆಂದು ಬರೆದುಕೊಟ್ಟವು. ಬರೆದವರೂ ಅವರೇ, ಪರೀಕ್ಷಿಸಿದವರೂ ಅವರೇ. ನಂಬಬೇಕೋ ಬೇಡವೋ ಎಂಬುದನ್ನು ಮುಂದಿನ ಬಿಲ್ ನೋಡಿ ತೀರ್ಮಾನಿಸಬಹುದು.

ಹಾಗೆಂದು ದೂರು ಕೊಡುವುದು ವ್ಯರ್ಥವೆನ್ನಲಾಗದು. ‘5 ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ’ ಎಂದು ಆಗ 120ಕ್ಕೂ ಹೆಚ್ಚು ಊರುಗಳಲ್ಲಿ ಸೇವೆ ಕೊಡುತ್ತಿದ್ದ, ಬೆಂಗಳೂರಿನದೇ ಆದ ರಾಪಿಡೊ ಕಂಪನಿ ಜಾಹೀರಾತು ಮಾಡಿತ್ತು. ಆಟೊ ತಡವಾದಾಗ ಸಿಗುತ್ತಿದ್ದದ್ದು ನಗದಲ್ಲ, ‘ರಾಪಿಡೊ ಕಾಯಿನ್’. ಅದೂ ಪೂರಾ ಐವತ್ತಲ್ಲ, ಹೆಚ್ಚೆಂದರೆ ಐವತ್ತು. ಬೈಕ್ ಸವಾರಿಗೆ ಮಾತ್ರ ಸಲ್ಲುತ್ತಿತ್ತು, ಏಳು ದಿನದಲ್ಲಿ ಅವಧಿ ಮುಗಿಯುತ್ತಿತ್ತು. ಷರತ್ತುಗಳು ಓದಲಾಗದಷ್ಟು ಸಣ್ಣ ಅಕ್ಷರದಲ್ಲಿದ್ದವು. ಐವತ್ತು ರೂಪಾಯಿಗಾಗಿ ವಕೀಲರ ಬಳಿ ಹೋಗುವವರು ಯಾರೂ ಇಲ್ಲ. ಆದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಲು ವಕೀಲರು ಬೇಕಿಲ್ಲ, ಖರ್ಚೂ ಇಲ್ಲ. 2024ರ ಜೂನ್‌ನಿಂದ 2025ರ ಜುಲೈವರೆಗಿನ 14 ತಿಂಗಳಲ್ಲಿ ಆ ಕಂಪನಿಯ ಮೇಲೆ 1,224 ದೂರುಗಳು ಅಲ್ಲಿ ದಾಖಲಾದವು. ಅದಕ್ಕೂ ಹಿಂದಿನ 14 ತಿಂಗಳಲ್ಲಿ ಬಂದಿದ್ದವು 575. ಬಾಡಿಗೆ ಹೆಚ್ಚಾಯಿತು, ಹಣ ವಾಪಸ್ ಬರಲಿಲ್ಲ, ಹೇಳಿದ್ದು ಸಿಗಲಿಲ್ಲ ಎಂಬಂಥ ಸಣ್ಣಪುಟ್ಟ ತಕರಾರುಗಳು. ಪ್ರಾಧಿಕಾರ ಆ ಅಂಕಿಗಳನ್ನೂ ಮುಂದಿಟ್ಟುಕೊಂಡು 2025ರ ಆಗಸ್ಟ್‌ನಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿತು, ಜಾಹೀರಾತು ನಿಲ್ಲಿಸಲು ಹೇಳಿತು, ಐವತ್ತು ರೂಪಾಯಿ ಸಿಗಬೇಕಿದ್ದೂ ಸಿಗದವರಿಗೆ ಅದನ್ನು ಪೂರ್ತಿಯಾಗಿ ತಲುಪಿಸುವಂತೆ ಆದೇಶಿಸಿತು.