ಹೆಚ್ಚು ಬಂದ ಚಿಲ್ಲರೆ ವಾಪಸ್: ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಪುಟ್ಟ ಮಕ್ಕಳಿಗೆ ಗುಣ ಕಲಿಸೋದು ಹೇಗೆ?

ಸಕ್ಕರೆ ತರಲು ಪಕ್ಕದ ಅಂಗಡಿಗೆ ಹೋದ ಆರು ವರ್ಷದ ಮಗು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಹಿಡಿದುಕೊಂಡು ಬಂತು ಅಂದುಕೊಳ್ಳಿ. ಮನೆಯಲ್ಲಿ "ಇರಲಿ ಬಿಡು, ಅವರಿಗೇನು ಕಮ್ಮಿ" ಅಂದರೆ, ಭಾನುವಾರ ಚರ್ಚ್‌ನಲ್ಲಿ ಕೇಳುವ ಪ್ರಾಮಾಣಿಕತೆಯ ಪಾಠಕ್ಕೆ ಬೆಲೆ ಉಳಿಯುವುದಿಲ್ಲ. ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅದರ ಕೈಯಿಂದಲೇ ವಾಪಸ್ ಕೊಡಿಸಬೇಕು.

ಆ ರಾತ್ರಿ ಜಕ್ಕಾಯನ ಕತೆ ಹೇಳಬಹುದು. ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಬರುವ ಈ ಕುಳ್ಳ ಸುಂಕದವ ಯೇಸುವನ್ನು ನೋಡಲು ಮರ ಹತ್ತುತ್ತಾನೆ. ಮಕ್ಕಳಿಗೆ ಮರ ಹತ್ತಿದ್ದೇ ಇಷ್ಟ. ಆದರೆ ಕತೆಯ ತಿರುಳು ಇರುವುದು ಆತ ಇಳಿದ ಮೇಲೆ: ಬರೀ ತಪ್ಪಾಯ್ತು ಅನ್ನದೆ, ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕು ಪಟ್ಟು ಹಿಂತಿರುಗಿಸುತ್ತೇನೆ ಅನ್ನುತ್ತಾನೆ. ಚಿಲ್ಲರೆ ವಾಪಸ್ ಕೊಟ್ಟು ಬಂದ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಕ್ರೈಸ್ತರಲ್ಲಿ ಒಳ್ಳೆಯ ಗುಣಗಳ ಪಟ್ಟಿ ಅಂದರೆ ಮೊದಲು ನೆನಪಾಗುವುದು 'ಪವಿತ್ರಾತ್ಮನ ಫಲ'. ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ, 22 ಮತ್ತು 23ನೇ ವಚನಗಳಲ್ಲಿ ಒಂಬತ್ತು ಗುಣಗಳಿವೆ. ಬಾಯಿಪಾಠ ಮಾಡಿಸುವವರು ಬಹಳ. ಆದರೆ ಕನ್ನಡ ಬೈಬಲಿನ 'ದೀರ್ಘಶಾಂತಿ', 'ಶಮೆದಮೆ' ದೊಡ್ಡವರಿಗೇ ತೊಡಕು, ಐದು ವರ್ಷದ ಮಗುವಿಗೆ ಏನು ತಿಳಿದೀತು! ಮನೆಮಾತಿನಲ್ಲಿ ಹೇಳಬೇಕು. ಅಕ್ಕನ ಸರದಿ ಮುಗಿಯುವವರೆಗೆ ಸೈಕಲ್ಲಿಗೆ ಕಾಯುವುದು ದೀರ್ಘಶಾಂತಿ. ಡಬ್ಬದಲ್ಲಿ ಇನ್ನೂ ಚಕ್ಕುಲಿ ಇದ್ದರೂ "ಸಾಕು" ಅನ್ನುವುದು ಶಮೆದಮೆ.

ತಂದೆತಾಯಿ ಹೇಳಿದಂತೆ ಕೇಳಬೇಕು ಎಂಬ ವಚನ ಎಲ್ಲ ಮನೆಗಳಲ್ಲೂ ಚಾಲ್ತಿಯಲ್ಲಿದೆ. ಅದು ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ ಮೊದಲ ವಚನ. ಮೂರೇ ವಚನ ದಾಟಿದರೆ ತಂದೆಯರಿಗೂ ಒಂದು ಮಾತಿದೆ: ಮಕ್ಕಳಿಗೆ ಸಿಟ್ಟು ಬರುವಂತೆ ಮಾಡಬೇಡಿ ಎಂದು. ಇದನ್ನು ಓದಿ ಹೇಳುವ ಅಪ್ಪಂದಿರು ಕಮ್ಮಿ! "ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾರೆ" ಎಂದು ಹೆದರಿಸಿದರೆ ಮಗು ಸುಳ್ಳು ಬಿಡುವುದಿಲ್ಲ, ಅಡಗಿಸಲು ಕಲಿಯುತ್ತದೆ. ಸಾಲ ವಸೂಲಿಗೆ ಬಂದವರಿಗೆ "ಅಪ್ಪ ಮನೇಲಿಲ್ಲ ಅಂತ ಹೇಳು" ಎಂದು ಮಗುವನ್ನೇ ಬಾಗಿಲಿಗೆ ಕಳಿಸುವ ಮನೆಯಲ್ಲಂತೂ ಯಾವ ವಚನವೂ ನಾಟದು. ಅಂಥದ್ದು ಆಗಿಹೋದರೆ ಅಪ್ಪನೇ ಮಗುವಿನ ಹತ್ತಿರ "ನಾನು ಹಾಗೆ ಹೇಳಿಸಬಾರದಿತ್ತು" ಅನ್ನಬೇಕು. ಕಷ್ಟದ ಕೆಲಸವೇ.

ದಕ್ಷಿಣ ಕನ್ನಡ, ಉಡುಪಿಯ ಕೊಂಕಣಿ ಕೆಥೊಲಿಕ್ ಮನೆಗಳಲ್ಲಿ ಇದಕ್ಕೆಲ್ಲ ಹಳೆಯದೊಂದು ಜಾಗವಿದೆ, ಸಂಜೆಯ ತೇರ್ಸ್. ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರ ಬಳಿ 'ಬೆಸಾಂವ್', ಅಂದರೆ ಆಶೀರ್ವಾದ ಕೇಳುತ್ತಾರೆ. ಹಗಲು ಪೆಟ್ಟು ತಿಂದ ಮಗುವಿನ ತಲೆಯ ಮೇಲೂ ಅದೇ ಕೈ ಇಡಬೇಕಾಗುತ್ತದೆ. ಕಾಣಿಕೆ ಕೊಡುವ ಮೊದಲು ಸೋದರನೊಂದಿಗೆ ರಾಜಿಯಾಗು ಎಂದು ಮತ್ತಾಯನ 5ನೇ ಅಧ್ಯಾಯ ಹೇಳುತ್ತದೆ. ಜಗಳಾಡಿದ ಅಣ್ಣ ತಮ್ಮ ತೇರ್ಸ್‌ಗೆ ಮುಂಚೆ ಮಾತಾಡಿಕೊಳ್ಳಲಿ ಅನ್ನುವುದಕ್ಕೆ ಇದೇ ಆಧಾರ. ಪ್ರಾಟೆಸ್ಟೆಂಟ್ ಮನೆಗಳ ಕುಟುಂಬ ಪ್ರಾರ್ಥನೆಯಲ್ಲೂ ಇದು ಸಾಧ್ಯ. ಆ ಹೊತ್ತಿಗೆ ದೊಡ್ಡವರ ಮೊಬೈಲ್ ಬೇರೆ ಕೋಣೆಯಲ್ಲಿರಬೇಕು, ಅಷ್ಟೆ.

ಮೊಂತಿ ಫೆಸ್ತ್ ಇನ್ನೊಂದು ಅವಕಾಶ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ಯುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆ ಮನೆಗೆ ಬರುತ್ತದೆ, ಅದರ ಕಾಳು ಎಲ್ಲರಿಗೂ ಹಂಚಿಕೆಯಾಗುತ್ತದೆ. ಕೊಂಡು ತಂದ ಹೂ ಬೇಡವೆಂದಲ್ಲ, ಆದರೆ ಮಗು ತಾನೇ ಹುಡುಕಿ ಕಿತ್ತ ಹೂವಿನಲ್ಲಿ ಅದರ ಶ್ರಮವೂ ಇರುತ್ತದೆ. ಪಕ್ಕದ ಮನೆಯ ಬೇಲಿಯ ದಾಸವಾಳಕ್ಕೆ ಕೈ ಹಾಕುವ ಮೊದಲು ಆ ಮನೆಯವರನ್ನು ಕೇಳಬೇಕು ಅನ್ನುವುದೂ ಅದರಲ್ಲೇ ಬಂತು.